ಮೂರು ತಿಂಗಳ ತೆಗ್ಗು

ಸಿಟ್ಟು ಬಂದರೆ ದ್ರೌಪದಿಯ ಧ್ವನಿ ಏರುತ್ತಿರಲಿಲ್ಲ, ಮರ್ಯಾದೆ ಏರುತ್ತಿತ್ತು. "ಹೌದ್ರಿ ಸಾಹೇಬ್ರ, ನಿಮಗ ಎಲ್ಲಾ ಗೊತ್ತೈತ್ರಿ" ಎಂದಳೆಂದರೆ ಚಿಕ್ಕೋಡಿಯ ನಮ್ಮ ಆಫೀಸಿನ ಜಾಣರು ಚಹಾ ಕುಡಿಯಲು ಹೊರಗೆ ಹೋಗುತ್ತಿದ್ದರು. ನಾನು ವಿಠೋಬಾ, ಅಲ್ಲಿ ನಕ್ಷೆ ತೆಗೆಯುವವ. ಬೋರ್ಡು ಬಿಟ್ಟು ಏಳಲಾಗದ ಕಾರಣ ಎಲ್ಲವನ್ನೂ ಕೂತಲ್ಲೇ ಕೇಳಿದವ.

ನಿಪ್ಪಾಣಿ ಹತ್ತಿರದ ಅಕ್ಕೋಳದ ಹುಡುಗಿ. ತಂದೆ ತಾಯಿ ಬೇರೆಯವರ ತಂಬಾಕಿನ ಹೊಲದಲ್ಲಿ ದುಡಿದು ಸಿವಿಲ್ ಡಿಪ್ಲೊಮಾ ಓದಿಸಿದ್ದರು. ನಮ್ಮ ಗುತ್ತಿಗೆದಾರ ಧನಪಾಲ ಸಾಹೇಬರು ಅವಳನ್ನು ಕೆಲಸಕ್ಕೇನೋ ತೆಗೆದುಕೊಂಡರು, ಸೈಟಿಗೆ ಮಾತ್ರ ಕಳಿಸಲಿಲ್ಲ. ಹೆಂಗಸಿನ ಮಾತನ್ನು ಗೋಡೆ ಕಟ್ಟುವ ಗೌಂಡಿಗಳು ಕೇಳುವುದಿಲ್ಲವಂತೆ. ಗೌಂಡಿಗಳು ಸಾಹೇಬರ ಮಾತನ್ನೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಅಂತೂ ಮೂರು ವರ್ಷ ಅಂದಾಜು ಪಟ್ಟಿ ಬರೆಯುತ್ತ ಕೂತಳು.

೧೯೯೬ರಲ್ಲಿ ಕೊಲ್ಹಾಪುರದಿಂದ ಕಂಪ್ಯೂಟರ್ ಬಂತು, ಅದರ ಜೊತೆ ಅಂದಾಜು ಮಾಡುವ ಒಂದು ಪ್ರೋಗ್ರಾಮೂ ಬಂತು. ಕಟ್ಟಡದ ಒಟ್ಟು ಖರ್ಚು ತುಂಬಿದರೆ ಯಾವ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಅದು ಗೆರೆ ಎಳೆದು ತೋರಿಸುತ್ತಿತ್ತು. ಸಿದ್ಧ ಗೆರೆಗಳಿದ್ದವು, ಒಂದು ಸಪಾಟು, ಒಂದು ಗುಡ್ಡದಂಥದ್ದು, ಹೀಗೆ. ಯಾವುದೂ ಒಗ್ಗದಿದ್ದರೆ ನಮ್ಮದೇ ಗೆರೆ ಮಾಡಿಕೊಳ್ಳಬಹುದು. ಈ ತಿಂಗಳಿಗೆ ಶೇಕಡಾ ಇಷ್ಟು, ಮುಂದಿನ ತಿಂಗಳಿಗೆ ಇಷ್ಟು ಎಂದು ತುಂಬುತ್ತ ಹೋದರೆ ಗೆರೆ ತಾನೇ ಏರಿ ಇಳಿಯುತ್ತಿತ್ತು. ಕಟ್ಟಳೆ ಒಂದೇ, ಎಲ್ಲ ಸೇರಿ ನೂರಾಗಬೇಕು.

ಸಾಹೇಬರು ನೂರಾ ಒಂದು ಮಾಡಿ ಎಂದರು. ಮದುವೆಯ ಆಹೇರಿಗೂ ಬಸದಿಯ ದೇಣಿಗೆಗೂ ಮೇಲೊಂದು ರೂಪಾಯಿ ಇಡದೆ ಕೊಟ್ಟವರಲ್ಲ ಅವರು. ಸೊನ್ನೆಯಲ್ಲಿ ಮುಗಿಯುವ ಲೆಕ್ಕವೆಂದರೆ ಅವರಿಗೆ ಅಪಶಕುನ. ಮಷೀನು ಕುಂಯ್ ಎಂದು ಬೇಡವೆಂದಿತು. ಅರ್ಧ ದಿನ ಅದರೊಡನೆ ಗುದ್ದಾಡಿ, ಕೊನೆಗೆ ಒಂದು ರೂಪಾಯಿಯ ನಾಣ್ಯವನ್ನು ಅದರ ತಲೆಯ ಮೇಲಿಟ್ಟು ಸಮಾಧಾನ ಪಟ್ಟುಕೊಂಡರು.

ಅದೇ ಬೇಸಿಗೆಯಲ್ಲಿ ಕರೋಶಿ ರಸ್ತೆಯಲ್ಲಿ ಮದುವೆಗಳಿಗೆಂದು ಒಂದು ದೊಡ್ಡ ಮಂಗಲ ಕಾರ್ಯಾಲಯ ಕಟ್ಟುವ ಕೆಲಸ ಸಿಕ್ಕಿತು. ಗೆರೆ ಹೇಗೆ ಏರಿಳಿಯುತ್ತದೋ ಹಾಗೆ ಮಾಲೀಕರು ತಿಂಗಳು ತಿಂಗಳು ಹಣ ಬಿಡುವವರು. "ಬಾಯಾರ, ಈ ಸೈಟ್ ನಿಮಗ ಬಿಟ್ಟೇನಿ. ಸ್ಲ್ಯಾಬ್ ನೀವ ನಿಂತ ಹಾಕಸ್ರಿ" ಎಂದರು ಸಾಹೇಬರು. ಇದೇನು ಔದಾರ್ಯವಲ್ಲ. ಅವರ ಹೆಂಡತಿಯ ತಮ್ಮ ಅಣ್ಣಾಸಾಬ ಹಿಂದಿನ ಸೈಟಿನಲ್ಲಿ ಸಂಡಾಸಿಗೆ ಬಾಗಿಲು ಬಿಡುವುದನ್ನೇ ಮರೆತು ನಾಲ್ಕೂ ಗೋಡೆ ಏರಿಸಿದ್ದ.

ದ್ರೌಪದಿ ಆಗ ಎರಡು ತಿಂಗಳ ಬಸುರಿ. ಐದನೇ ತಿಂಗಳಲ್ಲಿ ಬೀಳುವವರೆಗೆ ಯಾರಿಗೂ ಬಾಯಿ ಬಿಡಬಾರದೆಂದು ಅತ್ತೆಯ ಅಪ್ಪಣೆ; ಚೊಚ್ಚಲ ಹೆರಿಗೆ ಅಕ್ಕೋಳದ ತವರಿನಲ್ಲೇ ಆಗಬೇಕೆಂದು ತಾಯಿಯ ಹಟ. ವಿಷಯ ತಿಳಿದರೆ ಸೈಟು ಅದೇ ಸಂಜೆ ಅಣ್ಣಾಸಾಬನ ಕೈಗೆ ಹೋಗುತ್ತಿತ್ತು. ಕಾದು ಕಾದು ಸಿಕ್ಕ ಸೈಟು ಅದು. ಹಾಗಾಗಿ ಅವಳು ಕಂಪ್ಯೂಟರಿನ ಮುಂದೆ ಕೂತು ಸ್ವಂತ ಗೆರೆ ಮಾಡಿದಳು. ಜೂನಿನಿಂದ ಅಕ್ಟೋಬರಿನವರೆಗೆ ಪಾಯ, ಗೋಡೆ ಎಂದು ಒಂದು ಏರು. ಫೆಬ್ರುವರಿಯಿಂದ ಸ್ಲ್ಯಾಬು, ನೆಲದ ಫರಸಿ ಎಂದು ಇನ್ನೂ ದೊಡ್ಡ ಏರು. ನಡುವಿನ ಮೂರು ತಿಂಗಳು ತೆಗ್ಗು. ಎರಡು ಡುಬ್ಬದ ಒಂಟೆಯ ಬೆನ್ನು ನೋಡಿದ ಹಾಗಿತ್ತು.

"ಇದೇನ್ರಿ, ನಡುವ ಹಳ್ಳಾ ಬಿದ್ದೈತಲ್ಲ?" ಎಂದು ಸಾಹೇಬರು ಕೇಳಿದರು.

"ಕಬ್ಬ ಕಡಿಯೂ ಹಂಗಾಮ ಐತಲ್ರಿ ಸಾಹೇಬ್ರ. ಆಳ ಎಲ್ಲಿ ಸಿಗ್ತಾವ್ರಿ?"

ತಾವೇ ಕಬ್ಬು ಬೆಳೆಯುವವರು. ಎರಡನೇ ಮಾತಿಲ್ಲದೆ ತಲೆಯಾಡಿಸಿದರು. ಮಾಲೀಕರೂ ಒಪ್ಪಿದರು. ಚಿತ್ರ ಛಾಪಿಸಿ ಗೋಡೆಗೆ ಅಂಟಿಸಿದ್ದಾಯಿತು.

ಶ್ರಾವಣದಲ್ಲಿ ಸಾಹೇಬರ ತಾಯಿ ತಾರವ್ವ ಆಫೀಸಿಗೆ ಬಂದರು. ಆ ಕಟ್ಟಡ, ಹೊಲ, ಮಗನ ಬುದ್ಧಿ ಎಲ್ಲವೂ ತಮ್ಮ ಹೆಸರಿಗೇ ಇದೆ ಎಂಬಂತೆ ನಡೆಯುವ ಹೆಂಗಸು. ಗೋಡೆಯ ಮೇಲಿದ್ದುದು ಏನೆಂದು ಕೇಳಿದರು. ಸಾಹೇಬರು ಹೆಮ್ಮೆಯಿಂದ ತಿಂಗಳು ತಿಂಗಳಿಗೂ ಬೆರಳಿಟ್ಟು ವಿವರಿಸಿ, ಈ ತೆಗ್ಗು ಕಬ್ಬಿನ ಹಂಗಾಮು ಎಂದರು.

ತಾರವ್ವ ಚಿತ್ರ ನೋಡಿದರು. ಆಮೇಲೆ ದ್ರೌಪದಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ದೀಪಾವಳಿಗೆ ಕೊಯ್ತಾ ಹಿಡದಾವ್ರು ಶಿವರಾತ್ರಿ ದಾಟಿದ್ರೂ ಕೈಗೆ ಸಿಗೂದಿಲ್ಲ. ನಿನ್ನ ತೆಗ್ಗ ಸಂಕ್ರಾಂತಿ ಆದ ಕೂಡ್ಲೇ ತುಂಬೇತಿ. ಇಷ್ಟ ಲಗೂ ಮುಗಿಯೂ ಕಬ್ಬ ಯಾರ ಹೊಲದ್ದ ಬೇ?"

ದ್ರೌಪದಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಎಷ್ಟರಾಗ ಐತಿ?"

"ಐದರಾಗ್ರಿ ಅವ್ವಾರ."

ನನ್ನ ಪೆನ್ನಿನ ಶಾಯಿ ನಕ್ಷೆಯ ಮೇಲೆ ತೊಟ್ಟಿಕ್ಕಿತು. ಮೂಲೆಯಲ್ಲಿ ಕೂತಿದ್ದ ಅಣ್ಣಾಸಾಬನ ಮುಖ ಮಾತ್ರ ಬೆಲ್ಲ ಕಂಡ ಇರುವೆಯಂತಾಯಿತು. "ಹಂಗಾರ ಸೈಟ್ ನನಗ ಬಿಡ್ರಿ ಮಾಮಾ" ಎಂದ.

ಸಾಹೇಬರು ಸಿಡಿದರು. "ಬಾಯಾರ, ನನಗ ಕಬ್ಬಿನ ಕಥಿ ಹೇಳಿದ್ರಿ! ಖರೇದ ಹೇಳಾಕ ಏನಾಗಿತ್ತ?"

"ಖರೇದ ಹೇಳಿದ್ರ ಸೈಟ್ ಕೊಡ್ತಿದ್ರೇನ್ರಿ ಸಾಹೇಬ್ರ? ಕೆಲಸ ಹಿಂದ ಬಿದ್ದೈತೇನ್ರಿ? ಖರ್ಚ ಹೆಚ್ಚಾಗೇತೇನ್ರಿ? ಹೋದ ವರ್ಷ ಅಣ್ಣಾಸಾಬ್ರು ಸೊಸೈಟಿ ಇಲೆಕ್ಷನ್ ಅಂತ ಎರಡ ತಿಂಗಳ ಸೈಟಿಗೆ ಕಾಲ ಇಟ್ಟಿಲ್ರಿ. ಅವರ ತೆಗ್ಗ ಯಾರ ಗ್ವಾಡಿಗೆ ಹಚ್ಚ್ಯಾರ್ರಿ?"

ಒಂದೇ ಉಸಿರಿನಲ್ಲಿ ಇಷ್ಟು ಮರ್ಯಾದೆ. ಚಹಾಕ್ಕೆ ಹೋಗುವ ಹೊತ್ತು ಅದು. ಆದರೆ ತಾರವ್ವ ಬಾಗಿಲಿಗೆ ಅಡ್ಡ ನಿಂತಿದ್ದರು.

"ಸ್ಲ್ಯಾಬ್ ಅಂದ್ರ ಆಟಲ್ಲ ಅವ್ವಾ. ಬಾಣಂತಿ ಬರೂ ತನಕ ಕಾಯಾಕ ಆಗತೈತೇನ?" ಎನ್ನುತ್ತ ಸಾಹೇಬರು ಗೋಡೆಯ ಕಾಗದಕ್ಕೆ ಕೈ ಹಾಕಿದರು.

"ಕೈ ತಗಿ" ಎಂದರು ತಾರವ್ವ. "ನೀ ಹುಟ್ಟಿದ ದಿನ ನಾ ತಂಬಾಕ ಹೊಲದಾಗ ಕುಡಿ ಮುರ್ಯಾಕ ಹೋಗಿದ್ನಿ. ಬ್ಯಾನಿ ಎದ್ದಾವು ಅಂದ್ರ, ಈ ಸಾಲ ಮುಗಸೇ ಹೋಗ ಅಂದ ನಿಮ್ಮಪ್ಪ. ಮುಗಸೇ ಬಂದ್ನಿ. ನನಗ ಯಾರೂ ಒಂದ ದಿನದ ತೆಗ್ಗ ಬಿಟ್ಟಿರಲಿಲ್ಲ. ಈಕಿ ಯಾರನ್ನೂ ಬೇಡದ ತಾನ ಬಿಟ್ಟಕೊಂಡಾಳ. ಅದನ್ನ ಮುಟ್ಟಬ್ಯಾಡ."

ಸಾಹೇಬರ ಕೈ ಇಳಿಯಿತು. ಐವತ್ತು ದಾಟಿದ ಮನುಷ್ಯ ತಾನು ಹುಟ್ಟಿದ ಕಥೆಯನ್ನು ಅಂದೇ ಮೊದಲು ಕೇಳಿದ್ದಿರಬೇಕು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಮುದುಕಿಯ ಮೇಲೆ ಬಂತು. ಸೈಟು ದ್ರೌಪದಿಯ ಬಳಿಯೇ ಉಳಿಯಿತು. ಆದರೆ ಫೆಬ್ರುವರಿ ಮುಗಿಯುವುದರೊಳಗೆ ಆಕೆ ಬರದಿದ್ದರೆ ಸ್ಲ್ಯಾಬು ಅಣ್ಣಾಸಾಬನದು ಎಂದು ಸಾಹೇಬರು ಹೇಳಿಯೇ ಹೇಳಿದರು. ಆ ಮೂರು ತಿಂಗಳ ಪಗಾರವನ್ನೂ ಹಿಡಿದರು. ಗೆರೆ ಅಲ್ಲಿ ನೆಲ ಕಚ್ಚಿದೆಯಲ್ಲ, ಪಗಾರವೂ ಕಚ್ಚಲಿ ಎಂದು ಅವರ ನ್ಯಾಯ.

ಡಿಸೆಂಬರಿನಲ್ಲಿ ಹೆಣ್ಣು ಹುಟ್ಟಿತು. ಫೆಬ್ರುವರಿಯ ಕೊನೆಯ ವಾರ ಸ್ಲ್ಯಾಬು. ಬೆಳಗ್ಗೆ ಅಣ್ಣಾಸಾಬ ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು ಮೇಲೆ ಏರಿದ. ಮಿಕ್ಸರ್ ಶುರುವಾಗುವ ಹೊತ್ತಿಗೆ ನಿಪ್ಪಾಣಿಯ ಬಸ್ಸಿನಿಂದ ದ್ರೌಪದಿ ಇಳಿದಳು. ತಲೆಗೆ ಬಾಣಂತಿಯ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ಹಿಂದೆ ಕೂಸು ಹೊತ್ತು ಬೈಯುತ್ತ ಬರುತ್ತಿದ್ದ ತಾಯಿ. ನೇರ ಮೇಲೆ ಹೋಗಿ ಅಣ್ಣಾಸಾಬನ ಕೊರಳಿನ ಸೀಟಿ ಬಿಚ್ಚಿಸಿಕೊಂಡಳು.

ಸ್ಲ್ಯಾಬು ಒಮ್ಮೆ ಹಿಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದಲ್ಲಿ ಬೆಸುಗೆ ಕೂಡದೆ ಮಳೆಗಾಲಕ್ಕೆ ಸೋರುತ್ತದೆ. ಬಿಸಿಲು ನೆತ್ತಿಗೇರಿದಾಗ ಕೂಸು ಕಿರುಚತೊಡಗಿತು. ದ್ರೌಪದಿ ಸಿಮೆಂಟು ಚೀಲದ ಒಟ್ಟಿಲ ಮೇಲೆ ಕೂತು, ಸೆರಗಿನೊಳಗೆ ಕೂಸನ್ನು ತೆಗೆದುಕೊಂಡಳು. ಬುಟ್ಟಿ ಹೊತ್ತ ಗಂಡಸರೆಲ್ಲ ಆ ಕಡೆ ಮುಖ ಮಾಡಿ ನಿಂತರು. ಬುಟ್ಟಿಗಳೂ ನಿಂತವು. ಅಣ್ಣಾಸಾಬ ನಾಚಿಕೊಂಡು, "ಮಿಕ್ಸರ್ ಬಂದ್ ಮಾಡ್ರಿ" ಎಂದು ಕೂಗಿದ.

ಕಿವಿಯಲ್ಲಿ ಹತ್ತಿ ಇದ್ದುದರಿಂದಲೋ ಏನೋ, ದ್ರೌಪದಿ ಅಂದು ಮೊದಲ ಸಲ ಧ್ವನಿ ಏರಿಸಿದಳು. ಮರ್ಯಾದೆ ಮಾತ್ರ ಪೂರಾ ಬಿಟ್ಟಿದ್ದಳು.

"ಯಾಂವಲೇ ಬಂದ್ ಮಾಡಾಂವ? ಕೂಸಿನ ಹೊಟ್ಟೀನೂ ತುಂಬಬೇಕ, ಸ್ಲ್ಯಾಬೂ ತುಂಬಬೇಕ. ಸುರೀರಿಲೇ!"

ಮಿಕ್ಸರ್ ನಿಲ್ಲಲಿಲ್ಲ.