ಆಯ್ತಮ್ಮ ಹಾಕಿದ ಇನ್ನೊಂದು ಕುರ್ಚಿ

ನಮ್ಮ ಮೇಲಿನ ಮನೆಯವಳಿಗೆ ಆಯ್ತಮ್ಮ ಎಂದು ಹೆಸರಿಟ್ಟವಳು ನಾನೇ. ಹೇಳಿ ಮಾಡಿಸುವ ಕೇಕುಗಳು ಅವಳ ಕಸುಬು. ಗಿರಾಕಿಗಳು ಫೋನ್ ಮಾಡಿ ಏನು ಕೇಳಿದರೂ ಅವಳ ಉತ್ತರ ಒಂದೇ. ನಾನು ಕೆಳಗಡೆ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಕಿಟಕಿ ತೆರೆದಿದ್ದರೆ ಅವಳ ಮಾತೆಲ್ಲ ನನ್ನ ಕಿವಿಗೇ ಬೀಳುತ್ತದೆ. "ಇನ್ನೆರಡು ಗುಲಾಬಿನಾ? ಆಯ್ತಮ್ಮ. ಬಣ್ಣ ಬದಲಾಯಿಸ್ಬೇಕಾ? ಆಯ್ತಮ್ಮ. ಮೇಲೊಂದು ನಾಯಿಮರಿನಾ? ಆಯ್ತಮ್ಮ, ಕಿವಿ ನೆಟ್ಟಗಿರ್ಲಾ, ಜೋತಾಡ್ಲಾ?"

ನನಗೆ ಮೈ ಉರಿಯುತ್ತಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ! ಅಂಥವರನ್ನು ನಾನೂ ಕಂಡಿದ್ದೇನೆ. ಅಳತೆ ಕೊಟ್ಟು ಹೋದವರು ತೋಳಿಗೊಂದು ಪಟ್ಟಿ, ಸೊಂಟಕ್ಕೊಂದು ಜೇಬು ಎಂದು ತಿರುಗಿ ಬರುತ್ತಾರೆ. ಬಟ್ಟೆಗೆ ಕತ್ತರಿ ಬೀಳುವ ತನಕ ಏನು ಬೇಕಾದರೂ ಕೇಳಿ, ಬಿದ್ದ ಮೇಲೆ ಬಾಯಿ ಮುಚ್ಚಿಕೊಳ್ಳಿ ಎನ್ನುವುದು ನನ್ನ ಕಾನೂನು. ಕೇಕಿಗೂ ಅಂಥದೇ ಒಂದು ಕಾನೂನು ಇದೆಯಂತೆ. ಓವನ್ನಿಗೆ ಇಡುವ ಮೊದಲು ಏನು ಕೇಳಿದರೂ ನಡೆಯುತ್ತದೆ. ಕ್ರೀಮ್ ಹಚ್ಚಿದ ಮೇಲೆ ಏನೂ ಸೇರಿಸಬಾರದು, ಸೇರಿಸಹೋದರೆ ಮಾಡಿದ್ದೂ ಕೆಡುತ್ತದೆ. ಹದಿನಾರು ವರ್ಷ ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ನಿಂತು ಹೂವು ಹಾಕಿದವಳು ಅವಳು. ಕಾನೂನೆಲ್ಲ ಗೊತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟೆ. "ಹೇಳು ಅಕ್ಕಾ. ಕ್ರೀಮ್ ಹಚ್ಚಾಯ್ತು, ಇನ್ನಾಗಲ್ಲ."

"ಕ್ರೀಮ್ ಹಚ್ಚಾಯ್ತು..." ಎಂದವಳು ನಕ್ಕುಬಿಟ್ಟಳು. "ಹಾಗಂದ್ರೆ ಅವರು ಫೋನ್ ಇಟ್ಬಿಡ್ತಾರಲ್ಲೇ."

"ಇಡಬೇಕು ಅಂತಾನೇ ಹೇಳೋದು!"

ಅವಳು ನಗುತ್ತಲೇ ಎದ್ದು ಮೇಲೆ ಹೋದಳು. ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿಸಿದವಳು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಎರಡು ಕೋಣೆ, ಒಂದು ಓವನ್, ಒಂದು ಫೋನು. ಬರೀ ಕೇಕಾದರೆ ಗಿರಾಕಿ ಒಂದು ಸಲ ಫೋನ್ ಮಾಡುತ್ತಾರೆ. ಎಕ್ಸ್‌ಟ್ರಾ ಬೇಕಾದರೆ ನಾಲ್ಕು ಸಲ. ಅವಳಿಗೆ ಬೇಕಿದ್ದದ್ದು ಆ ಮಿಕ್ಕ ಮೂರು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲು ವರ್ಷಗಳೇ ಹಿಡಿದವು.

ಈ ವರ್ಷ ಒಬ್ಬ ಹೆಂಗಸು ತನ್ನ ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಎರಡಂತಸ್ತಿನ ಕೇಕ್ ಹೇಳಿದಳು. ಮೇಲೆ ಸಕ್ಕರೆಯಲ್ಲಿ ಮಾಡಿದ ಊಟದ ಮೇಜು, ಸುತ್ತ ಆರು ಕುರ್ಚಿ, ಕುರ್ಚಿಗೊಬ್ಬರಂತೆ ಮನೆಯವರು. ಆಮೇಲೆ ಶುರುವಾಯಿತು. ಅಮ್ಮನಿಗೆ ಕನ್ನಡಕ ಬೇಕು. ತಮ್ಮನ ಹೊಟ್ಟೆ ಸ್ವಲ್ಪ ಮುಂದಿರಲಿ, ಇಲ್ಲದಿದ್ದರೆ ಯಾರೂ ಗುರುತು ಹಿಡಿಯುವುದಿಲ್ಲ. ಮಗಳು ಮೆಟ್ಟಿಲಿಂದ ಬಿದ್ದಿದ್ದಾಳೆ, ಅವಳ ಕಾಲಿಗೆ ಬಿಳಿ ಪಟ್ಟಿ. ಒಂದೊಂದು ಫೋನೂ ಅರ್ಧ ಗಂಟೆ. ಆಯ್ತಮ್ಮ ಮೆಟ್ಟಿಲಿಳಿದು ಬಂದು ಆ ಮನೆಯ ಸುದ್ದಿಯನ್ನು ತನ್ನ ಮನೆಯದೇ ಎಂಬಂತೆ ನನಗೆ ಒಪ್ಪಿಸುತ್ತಿದ್ದಳು.

ಆರನೇ ಫೋನಿನ ಮಾರನೇ ದಿನ ಕುರ್ತಾಕ್ಕೆಂದು ಒಂದು ನೀಲಿ ಬಟ್ಟೆ ಹಿಡಿದು ಬಂದಳು. ಮೇಲಿನ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವಳು ನನ್ನಲ್ಲಿ ಏನನ್ನೂ ಹೊಲಿಸಿದವಳಲ್ಲ.

"'ನೀವೇ ತಂದ್ಕೊಡಿ ಅಕ್ಕಾ, ಅಮ್ಮ ಕೇಕ್ ಕತ್ತರಿಸುವಾಗ ನೀವೂ ಜೊತೆಗಿರ್ಬೇಕು' ಅಂತ ಫೋನಲ್ಲಿ ಅಂದ್ಳು ಕಣೇ. ಏಪ್ರನ್ ಹಾಕ್ಕೊಂಡು ಹೋಗೋಕಾಗುತ್ತಾ?"

ಬಾಯುಪಚಾರಕ್ಕೆ ಅಂದಿರ್ತಾರೆ ಅಕ್ಕಾ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಟೇಪು ತೆಗೆದೆ. ಬಟ್ಟೆ ಕತ್ತರಿಸಿ ಆದ ಮೇಲೆ ಅವಳು ಹಿಂಜರಿಯುತ್ತ ಬಾಗಿಲಲ್ಲಿ ನಿಂತಳು. "ಒಂದು ಜೇಬು ಇಡೋಕಾಗುತ್ತಾ? ಕಷ್ಟ ಆದ್ರೆ ಬೇಡ." ನನ್ನ ಕಾನೂನು ಮುರಿದು ಜೇಬು ಇಟ್ಟುಕೊಟ್ಟೆ.

ಹುಟ್ಟುಹಬ್ಬದ ಬೆಳಿಗ್ಗೆ ಕೊನೆಯ ಫೋನು ಬಂತು. ಇನ್ನೊಂದು ಕುರ್ಚಿ ಹಾಕುತ್ತೀರಾ ಎಂದಳಂತೆ. ಕ್ರೀಮ್ ಹಚ್ಚಿಯಾಗಿತ್ತು. ಕುರ್ಚಿ ಯಾರಿಗೆ ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. "ಆಯ್ತಮ್ಮ" ಎಂದದ್ದು ಮಾತ್ರ ನನ್ನ ಕಿಟಕಿಗೂ ಕೇಳಿಸಿತು, ಆ ದನಿಯಲ್ಲಿ ಸಂತೋಷವಿತ್ತು.

ಡಬ್ಬಿ ಹಿಡಿಯಲು ಇಬ್ಬರು ಬೇಕೆಂದು ನನ್ನನ್ನು ಕರೆದಳು. ಮೇಲೆ ಹೋಗಿ ನೋಡಿದರೆ ಮೇಜಿನ ಸುತ್ತ ಏಳು ಕುರ್ಚಿ, ಏಳು ಜನ. ಏಳನೆಯವಳು ಹೆಬ್ಬೆರಳಷ್ಟು ಎತ್ತರದ ಹೆಂಗಸು, ಹಿಂದೆ ಸಣ್ಣ ತುರುಬು, ಮೈಮೇಲೆ ನೀಲಿ ಬಟ್ಟೆ. ಜೇಬನ್ನೂ ಬಿಟ್ಟಿರಲಿಲ್ಲ.

"ಇದ್ಯಾರು ಅಕ್ಕಾ?"

"ಖಾಲಿ ಕುರ್ಚಿ ಚೆನ್ನಾಗಿ ಕಾಣಲ್ಲ ಕಣೇ," ಎಂದು ಮುಖ ತಿರುಗಿಸಿದಳು. ಕಿವಿ ಕೆಂಪಾಗಿತ್ತು. ಒಂದು ಮಾತು ಆಗಲೇ ಹೇಳಬಹುದಿತ್ತು, ಫೋನ್ ಮಾಡಿ ಕೇಳಿಬಿಡು ಎಂದು. ಎಲ್ಲದಕ್ಕೂ ಬಾಯಿ ಹಾಕುವವಳು ನಾನು, ಅಂದು ಸುಮ್ಮನಿದ್ದೆ.

ಆ ಮನೆಯಲ್ಲಿ ನಮ್ಮನ್ನು ಚೆನ್ನಾಗಿಯೇ ಬರಮಾಡಿಕೊಂಡರು. ಡಬ್ಬಿ ತೆರೆದಾಗ ಎಲ್ಲರೂ ಸುತ್ತ ಸೇರಿದರು. ತಮ್ಮನ ಹೊಟ್ಟೆ ನೋಡಿ ಮನೆಯೆಲ್ಲ ನಗು. ಆಯ್ತಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಆಗ ಆ ತಾಯಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ, "ಇವರ ಕುರ್ಚೀಲಿ ಇದ್ಯಾರೇ?" ಎಂದರು.

ನಗು ನಿಂತಿತು. ಕೇಕ್ ಹೇಳಿದ್ದ ಮಗಳು ಆಯ್ತಮ್ಮನ ಕೈ ಹಿಡಿದುಕೊಂಡಳು. "ತಪ್ಪು ನಂದೇ ಅಕ್ಕಾ, ನಾನು ಬಿಡಿಸಿ ಹೇಳ್ಬೇಕಿತ್ತು. ಆ ಕುರ್ಚಿ ಅಪ್ಪಂದು. ಹೋದ ವರ್ಷ ತೀರ್ಕೊಂಡ್ರು. ಖಾಲಿ ಇರ್ಲಿ ಅಂತಾನೇ ಕೇಳಿದ್ದು."

ಆಯ್ತಮ್ಮ ಎರಡೇ ಬೆರಳಲ್ಲಿ ಆ ನೀಲಿ ಹೆಂಗಸನ್ನು ಎತ್ತಿದಳು. ಕುರ್ಚಿಗೆ ಏನೂ ಆಗಲಿಲ್ಲ, ಅಷ್ಟು ಹಗುರವಾದ ಕೈ ಅವಳದು. ಅಂಟಿದ್ದ ಗುರುತನ್ನು ಚಮಚದ ಹಿಂಬದಿಯಿಂದ ನಯಮಾಡಿ, ಗೊಂಬೆಯನ್ನು ಜೇಬಿಗೆ ಹಾಕಿಕೊಂಡಳು. "ಮಿಕ್ಕಿದ ಸಕ್ಕರೆಯಲ್ಲಿ ಸುಮ್ಮನೆ ಮಾಡಿದ್ದಮ್ಮ," ಎಂದಳು.

"ಕೂತ್ಕೊಳಿ ಅಕ್ಕಾ, ಕೇಕ್ ತಿಂದು ಹೋಗಿ," ಎಂದು ಮಗಳು ಒತ್ತಾಯ ಮಾಡಿದಳು. ಮನಸ್ಸಿಟ್ಟೇ ಕರೆದಳು, ಸುಳ್ಳು ಹೇಳಬಾರದು.

"ಇನ್ನೊಂದು ಆರ್ಡರ್ ಇದೆಯಮ್ಮ."

ಇರಲಿಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು. ನಾನು ಆ ಮನೆಯವರನ್ನು ಬೈಯಲು ಹೊರಟೆ. ಯಾವ ತಪ್ಪಿಗೆ ಬೈಯುವುದೆಂದು ತಿಳಿಯದೆ ನಿಲ್ಲಿಸಿದೆ. ನಮ್ಮ ಮನೆಗೆ ಅವಳು ಹನ್ನೊಂದು ಕೇಕ್ ಮಾಡಿಕೊಟ್ಟಿದ್ದಾಳೆ, ನನ್ನ ಮಗಳ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದು. ಪ್ರತಿ ಸಲವೂ ನಾನು ಬಾಗಿಲಲ್ಲೇ ಡಬ್ಬಿ ಇಸಿದುಕೊಂಡಿದ್ದೇನೆ, ಆಮೇಲೆ ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಮೇಲಕ್ಕೆ ಕಳಿಸಿ ದೊಡ್ಡ ಉಪಕಾರ ಮಾಡಿದವಳಂತೆ ಬೀಗಿದ್ದೇನೆ. ಒಂದು ಸಲವಾದರೂ ಒಳಗೆ ಬಾ ಎಂದಿದ್ದೆನೇ?

ಫೋನು ಎಂದಿನಂತೆ ಬರುತ್ತಲೇ ಇತ್ತು, ಆಯ್ತಮ್ಮ "ಆಯ್ತಮ್ಮ" ಎನ್ನುತ್ತಲೇ ಇದ್ದಳು. ಮುಂದಿನ ತಿಂಗಳು ನನ್ನ ಮಗಳ ಹುಟ್ಟುಹಬ್ಬ ಬಂತು. ಅಂದು ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಮೇಲೆ ಹೋದೆ. ಕೇಕ್ ತಿರುಗುಮಣೆಯ ಮೇಲಿತ್ತು, ಅವಳು ಅಂಚಿಗೆ ಚುಕ್ಕಿ ಇಡುತ್ತಿದ್ದಳು. ನೀಲಿ ಹೆಂಗಸು ಕಿಟಕಿಯಲ್ಲಿ, ಇರುವೆ ಮುಟ್ಟದಂತೆ ಬೋರಲು ಹಾಕಿದ ಗಾಜಿನ ಲೋಟದೊಳಗೆ ಇದ್ದಳು.

"ಅಕ್ಕಾ, ಒಂದು ಎಕ್ಸ್‌ಟ್ರಾ ಬೇಕಿತ್ತು."

"ಹೇಳೇ, ಏನು? ಹೂವಾ?" ಎಂದು ಪೆನ್ಸಿಲ್ ಕೈಗೆತ್ತಿಕೊಂಡಳು.

"ನೀನು ಬರ್ಬೇಕು. ಡಬ್ಬಿ ಕೊಟ್ಟು ಹೋಗೋಕಲ್ಲ. ಒಳಗೆ ಬಂದು, ನಮ್ಮ ಜೊತೆ ಕೂತು ತಿನ್ಬೇಕು."

ಅವಳು ಪೆನ್ಸಿಲನ್ನು ಇದ್ದ ಜಾಗದಲ್ಲೇ ಇಟ್ಟಳು. ತಿರುಗುಮಣೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಎಲ್ಲೂ ಓರೆಯಿಲ್ಲವೆಂದು ನೋಡಿಕೊಂಡಳು. ಆಮೇಲೆ ನಾನು ಕಲಿಸಿದ ಮಾತನ್ನು ಮೊದಲ ಸಲ, ಎಲ್ಲೂ ತಡವರಿಸದೆ, ನಗದೆ, ಪೂರ್ತಿಯಾಗಿ ಹೇಳಿದಳು.

"ಕ್ರೀಮ್ ಹಚ್ಚಾಯ್ತು ಕಣೇ. ಇನ್ನಾಗಲ್ಲ."