ಮನ್ನೂಬಿಯಾಳ ತಲೆಯೂ ಆಕ್ಟೋಪಸ್ಸಿನ ಕಾಲೂ

ಸ್ಫಾಕ್ಸ್ ಊರಿನ ಮನ್ನೂಬಿಯಾ ಎಪ್ಪತ್ತು ದಾಟಿದ ಮೇಲೂ ಯಾರ ಸುಳ್ಳನ್ನೂ ತಿದ್ದದೆ ಬಿಟ್ಟವಳಲ್ಲ. ಸತ್ತವರನ್ನು ಹೊಗಳುವ ಜಾಗದಲ್ಲೂ ಹಿಂದಿನಿಂದ "ಅಷ್ಟೇನೂ ಇರ್ಲಿಲ್ಲ ಬಿಡಿ" ಎಂಬ ದನಿ ಕೇಳಿದರೆ ಅದು ಅವಳದೇ. ಶಾಲೆಯಲ್ಲಿ ಟೀಚರಾಗಿ ಮಕ್ಕಳ ಉಕ್ತಲೇಖನ ತಿದ್ದಿ ತಿದ್ದಿ ಬಂದ ಚಾಳಿ. ಗಂಡ ಶಾಧ್ಲಿಯೋ, ಹಳೆಯ ಮೀನುಗಾರ. ಬಲೆಗೆ ಬಿದ್ದದ್ದಕ್ಕಿಂತ ಬಾಯಿಗೆ ಬಂದದ್ದೇ ಹೆಚ್ಚು.

ವಯಸ್ಸಾದವರ ಮಿದುಳಿಗೆ ರಕ್ತ ಎಷ್ಟು ಹರಿಯುತ್ತದೆಂದು ಅಳೆಯಲು ಆಸ್ಪತ್ರೆಯವರು ಜನ ಹುಡುಕುತ್ತಿದ್ದರು. ಸೂಜಿಯಿಲ್ಲ, ಔಷಧಿಯಿಲ್ಲ, ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಿದರಾಯಿತು.

"ನೀನು? ಸುಮ್ನೆ ಮಲಗೋದು?" ಎಂದು ಶಾಧ್ಲಿ ನಕ್ಕ. ಅಷ್ಟು ಸಾಕಾಯಿತು. ಅವಳು ಹೋಗಿ ಹೆಸರು ಕೊಟ್ಟಳು.

ಯಂತ್ರ ನೋಡಿಕೊಳ್ಳುವ ಇಬ್ತಿಹಾಲ್ ಅವಳ ಕೈಗೊಂದು ರಬ್ಬರ್ ಚೆಂಡು ಕೊಟ್ಟು, ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಹೇಳಿದಳು: "ಖಾಲ್ತಿ, ತಲೆ ಅಲ್ಲಾಡಿಸ್ಬೇಡಿ, ಮಾತಾಡ್ಬೇಡಿ. ತಡೆಯೋಕೇ ಆಗದಂಥ ತೊಂದ್ರೆ ಆದ್ರೆ ಇದನ್ನ ಒತ್ತಿ, ಆಚೆ ಕೋಣೇಲಿರೋ ನಂಗೆ ಕೇಳ್ಸುತ್ತೆ."

ಯಂತ್ರ ಟಕಟಕ ಬಡಿದು ಒಂದು ಗಳಿಗೆ ನಿಂತಿತು. ಆಚೆ ಕೋಣೆಯ ಮೈಕು ಆರಿಸಲು ಇಬ್ತಿಹಾಲ್ ಮರೆತಿದ್ದಳು. ಅಲ್ಲೇ ಕೂತು ಅವಳಿಗೆ ಕಥೆ ಹೇಳುತ್ತಿದ್ದ ಗಂಡನ ದನಿ ಮನ್ನೂಬಿಯಾಳ ಕಿವಿಗೆ ಬಿತ್ತು: "ಕೆರ್ಕೆನ್ನಾ ದ್ವೀಪದಲ್ಲಿ ಆನೆಯಂಥ ಆಕ್ಟೋಪಸ್ಸು ಕಣಮ್ಮ! ಬರಿಗೈಲಿ ಹಿಡಿದೆ."

ಚೆಂಡು ಕಿರ್ರೆಂದಿತು. ಇಬ್ತಿಹಾಲ್ ಎದ್ದುಬಿದ್ದು ಓಡಿಬಂದಳು.

"ಏನಾಯ್ತು ಖಾಲ್ತಿ? ಉಸಿರು ಕಟ್ತಾ?"

"ಇಲ್ಲ ಮಗಳೇ. ಇವನು ಅದನ್ನ ಹಿಡೀಲಿಲ್ಲ. ಅದೇ ಇವನ ಕಾಲು ಹಿಡಿದಿದ್ದು."

ಮೊದಲಿಂದ ಶುರುಮಾಡಿದರು. ಈ ಸಲ ಮೈಕು ಆರಿತ್ತು. ಆದರೆ ಆಚೆ ಕೋಣೆಯಲ್ಲಿ ಏನು ನಡೆದಿರಬಹುದೆಂದು ಮನ್ನೂಬಿಯಾಗೆ ಗೊತ್ತಿರದೆ ಇರುತ್ತದೆಯೇ? ಚೆಂಡು ಮತ್ತೆ ಕಿರ್ರೆಂದಿತು.

"ಕಿರುಚಿದ್ದನ್ನ ಹೇಳಿರಲ್ಲ ಅವನು. ಚಪ್ಪಲೀಲಿ ಹೊಡೆದು ಬಿಡಿಸಿದ್ದು ನಾನು."

ಇಬ್ತಿಹಾಲ್ ಚೆಂಡನ್ನು ಕಸಿಯುವಂತಿರಲಿಲ್ಲ. ಶಾಧ್ಲಿಯನ್ನೇ ಅಂಗಳಕ್ಕೆ ಅಟ್ಟಿದಳು. ಅವನು ಅಲ್ಲಿ ಕಾವಲುಗಾರನಿಗೆ ಕಥೆ ಮುಂದುವರಿಸಿದ. ಅದು ತಿಳಿಯದ ಮನ್ನೂಬಿಯಾ ಒಳಗೆ ಕಲ್ಲಿನಂತೆ ಮಲಗಿದಳು. ಚಿತ್ರ ಸೊಗಸಾಗಿ ಬಂತು.

ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ಕರೆದು ಪರದೆ ತೋರಿಸಿದರು. "ಈ ಕೆಂಪಿದೆಯಲ್ಲ, ಅಲ್ಲೆಲ್ಲ ರಕ್ತ ಚೆನ್ನಾಗಿ ಹರೀತಿದೆ. ನಿಮ್ಮ ವಯಸ್ಸಿಗೆ ತುಂಬ ಒಳ್ಳೇದು."

ಶಾಧ್ಲಿ ಬಹಳ ಹೊತ್ತು ಪರದೆಯನ್ನೇ ನೋಡುತ್ತ ನಿಂತ. ಹೆಂಡತಿಯ ತಲೆಯೊಳಗೆ ಇಷ್ಟು ಬಣ್ಣವಿದೆಯೆಂದು ಅವನಿಗೆ ಯಾರು ಹೇಳಿದ್ದರು?

ಆಮೇಲೆ ಬೀದಿಯ ಅಂಗಡಿಯಲ್ಲಿ ಬಿಸಿ ಬಿಸಿ ಕಡಲೆಯ ಲಬ್ಲಾಬಿ ತರಿಸಿಕೊಂಡು ಕೂತರು. ಬಟ್ಟಲು ಇಡಲು ಬಂದವನನ್ನು ಶಾಧ್ಲಿ ಹಿಡಿದು ನಿಲ್ಲಿಸಿದ. "ನೋಡಪ್ಪಾ, ಇವಳ ಮಿದುಳಿನ ರಭಸಕ್ಕೆ ಆ ಯಂತ್ರ ಎರಡು ಸಲ ಕೆಟ್ಟು ನಿಂತೋಯ್ತು! ಡಾಕ್ಟ್ರೇ ಬೆವೆತುಬಿಟ್ರು."

ಮನ್ನೂಬಿಯಾ ಬಾಯಿ ತೆರೆದಳು. ಮತ್ತೇನೋ ಯೋಚಿಸಿ ಅದಕ್ಕೊಂದು ಚಮಚ ಕಡಲೆ ಹಾಕಿಕೊಂಡಳು.

"ಹೂಂ," ಎಂದಳು ಅಗಿಯುತ್ತ, "ಮುಂದೆ ಹೇಳು."