ಪುಂಡಿಪಲ್ಯದ ಅಜ್ಜಿಯ ಚೀಟಿ ಚೀಲ

ಅವತ್ತು ಬೆಳಿಗ್ಗೆ ಕುರುಗೋಡಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಬ್ಬರಿದ್ದೆವು. ಬಿ.ಎ. ಎರಡನೇ ವರ್ಷದ ನಾನು, ಬಳ್ಳಾರಿ ಮಾರ್ಕೆಟ್ಟಿಗೆ ದಿನಾ ನನ್ನದೇ ಬಸ್ಸಿನಲ್ಲಿ ಪುಂಡಿಪಲ್ಯದ ಸೊಪ್ಪು ಒಯ್ಯುವ ಅಜ್ಜಿ. ಪಲ್ಯದ ಗಂಟನ್ನೂ ಸೇರಿಸಿದರೆ ಮೂವರು. ಅದಕ್ಕೂ ಅಜ್ಜಿ ಒಂದು ಸೀಟು ಹಿಡಿಯುತ್ತಿದ್ದಳು. ಬಸ್ಸು ಸಿರುಗುಪ್ಪದಿಂದ ಬರಬೇಕು. ಸುಗ್ಗಿ ಶುರುವಾದ ಮೇಲೆ ಅದು ಬತ್ತದ ಲಾರಿಗಳ ಹಿಂದೆ ಸಿಕ್ಕಿಕೊಂಡು, ಏಳೂಮುಕ್ಕಾಲಕ್ಕೆ ಬರುವುದು ಎಂಟೂವರೆಗೆ ಬರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಒಂಬತ್ತಕ್ಕೆ ಇತಿಹಾಸದ ಕ್ಲಾಸು. ಒಳಗೆ ಹೋಗುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು.

ಹಿಂದಿನ ದಿನವಷ್ಟೇ ಹಾಜರಿ ಕಡಿಮೆ ಇದ್ದವರ ಪಟ್ಟಿ ಹಚ್ಚಿದ್ದರು. ಅದರಲ್ಲಿ ನಾನೂ ಇದ್ದೆ, ಪರೀಕ್ಷೆಗೆ ಕೂರುವಂತಿಲ್ಲ. ನೂರಿಪ್ಪತ್ತು ಜನರ ಕ್ಲಾಸಿನಲ್ಲಿ ನಾನೊಂದು ನಂಬರು, ಮೇಷ್ಟ್ರಿಗೆ ನನ್ನ ಮುಖವೂ ಗೊತ್ತಿರಲಿಲ್ಲ. "ಬಸ್ಸು ಲೇಟ್ ಅಂತ ಎಲ್ಲಾರೂ ಅಂತಾರವ್ವ. ಪುರಾವೆ ಏನೈತಿ?" ಎಂದಿದ್ದರು.

"ಯಾಕ ಮಾರಿ ಸಣ್ಣದು ಮಾಡ್ಕೊಂಡಿ?" ಅಜ್ಜಿ ಕೇಳಿದಳು. ಎಲ್ಲ ಹೇಳಿದೆ.

"ಪುರಾವೆ ಅಂದ್ರ?"

"ಬಸ್ಸು ಯಾವತ್ತು ಎಷ್ಟೊತ್ತಿಗೆ ಬಂತು ಅಂತ ಬರ್ದಿದ್ದು."

ಅಜ್ಜಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ದಾರ ಸುತ್ತಿದ ಒಂದು ಕಟ್ಟು ತೆಗೆದಳು. "ಇದ್ರಾಗ ಏನರ ಐತೇನು ನೋಡು. ನನಗ ಓದಾಕ ಬರಂಗಿಲ್ಲ."

ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಉಚಿತ ಚೀಟಿಗಳು. ನಾವೆಲ್ಲ ಇಳಿಯುವ ಮೊದಲೇ ಮುದ್ದೆ ಮಾಡಿ ಸೀಟಿನ ಕೆಳಗೆ ಎಸೆಯುತ್ತಿದ್ದೆವು. ಅಜ್ಜಿ ಒಂದನ್ನೂ ಎಸೆದಿರಲಿಲ್ಲ. ಒಂದೊಂದರ ಮೇಲೂ ತಾರೀಖು, ಹತ್ತಿದ ಊರು, ಹತ್ತಿದ ಹೊತ್ತು.

"ಇವನ್ನ ಯಾಕ ಇಟ್ಕೊಂಡಿ ಅಜ್ಜಿ?"

"ಸರಕಾರದ ಕಾಗದ. ನಾಳೆ ಯಾರರ ಬಂದು, ಏ ಮುದುಕಿ, ಯಾರನ್ನ ಕೇಳಿ ಬಸ್ ಹತ್ತಿದ್ದಿ ಅಂದ್ರ ತೋರಿಸ್ಬೇಕಲ್ಲ."

ಬಸ್ಸು ಬಂತು. ನನ್ನ ತೊಡೆಯ ಮೇಲೆ ಹರಡಿದ ಚೀಟಿ ನೋಡಿ ಕಂಡಕ್ಟರ್, "ಏನಜ್ಜಿ, ಆಫೀಸ್ ತಗದಿಯೇನು?" ಎಂದ.

"ನಿನ್ ಬಸ್ಸಿನ ಜಾತಕ ತಗಸಾಕತ್ತೀನಿ. ನೀ ರೈಟ್ ಅನ್ನು."

ಇಳಿಯುವಾಗ ಅಜ್ಜಿ ಆ ಕಟ್ಟನ್ನು ನನ್ನ ಕೈಗಿಟ್ಟಳು. ಮೇಷ್ಟ್ರ ಮೇಜಿನ ಮೇಲೆ ಅದನ್ನು ಬಿಚ್ಚಿದಾಗ ಕೋಣೆಯೆಲ್ಲ ಸುಣ್ಣ, ತಂಬಾಕಿನ ವಾಸನೆ. ಕೆಲವು ಚೀಟಿಗಳ ಅಕ್ಷರ ಮಾಸಿತ್ತು. ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಪೆನ್ನಿನ ತುದಿಯಿಂದ ಒಂದೊಂದೇ ದಿನ ಹೊಂದಿಸುತ್ತ ಹೋದವರು ಎರಡು ಕಡೆ ನಿಂತರು.

"ಇವೆರಡು ದಿನ ಬಸ್ಸು ಹೊತ್ತಿಗೆ ಸರಿಯಾಗೇ ಬಂದೈತಲ್ಲವ್ವ."

ಪುರಾವೆ ಇದನ್ನೂ ಹೇಳೀತು ಎಂದು ನನಗೆ ಹೊಳೆದಿರಲೇ ಇಲ್ಲ. ಏನಾದರೊಂದು ನೆಪ ಹೇಳಬಹುದಿತ್ತು. ಆದರೆ ಓದು ಬಾರದ ಮುದುಕಿ ಅಷ್ಟು ಜೋಪಾನ ಮಾಡಿದ ಕಾಗದದ ಮುಂದೆ ನನಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಗೆಳತ್ಯಾರ ಕೂಡ ಹೋಟೆಲಿಗೆ ಒಗ್ಗರಣಿ ಮಿರ್ಚಿ ತಿನ್ನಾಕ ಹೋಗಿದ್ವಿ ಸರ್."

ಅವರು ಪೆನ್ನು ಕೆಳಗಿಟ್ಟರು. "ಮಿರ್ಚಿ ಚಲೋ ಇತ್ತೇನು?"

"ಇತ್ತು ಸರ್."

"ಆ ಎರಡು ದಿನದ ಪಾಠ ಬರ್ಕೊಂಡು ಬಾ. ಉಳಿದ ದಿನದ ಹಾಜರಿ ನಾ ಬರೀತೀನಿ." ಪರೀಕ್ಷೆಗೆ ಕೂರಿಸಿ ಎಂದು ನಾನು ಬರೆದು ತಂದಿದ್ದ ಅರ್ಜಿಗೆ ಚೀಟಿಗಳನ್ನು ಪಿನ್ನು ಚುಚ್ಚಿ, ಕೆಳಗೆ ಸಹಿ ಮಾಡಿದರು. ಅಂದಿನಿಂದ ಅವರು ನನ್ನನ್ನು ನಂಬರಿನಿಂದ ಕರೆಯಲಿಲ್ಲ.

ನಾನು ಪರೀಕ್ಷೆ ಬರೆದೆ. ಪದವಿ ಕೈಗೆ ಬರಲು ಪುಸ್ತಕಗಳೂ ಬೇಕಾದವು, ಮೇಷ್ಟ್ರುಗಳೂ ಬೇಕಾದರು. ಆದರೂ ಮೊದಲು ನೆನಪಾಗುವುದು ಆ ಎಲೆಯಡಿಕೆ ಚೀಲವೇ.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರನ್ನು ಕೇಳಿ ಚೀಟಿಗಳನ್ನು ಇಸಿದುಕೊಂಡು, ಮರುದಿನ ಬಸ್ಸಿನಲ್ಲಿ ಅಜ್ಜಿಗೆ ಕೊಟ್ಟೆ. ಅವಳು ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಗಂಟನ್ನು ಸೀಟಿನಿಂದ ಕೆಳಗಿಳಿಸಿ ನನಗೆ ಜಾಗ ಮಾಡಿ, ಕೈ ಚಾಚಿದಳು. ಅವತ್ತಿನ ನನ್ನ ಚೀಟಿಯನ್ನೂ ಕೊಟ್ಟೆ.